ನನ್ನ ಬಲಗೈ ಮತ್ತು ತಮ್ಮ ‘ವಯೋಸಹಜ’

ಕಾರ್ಮಿಕ ಆರೋಗ್ಯ ಪರೀಕ್ಷಾ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ,

ಮಾನ್ಯರೇ, ನನ್ನ ಬಲಗೈ ದಿನೇ ದಿನೇ ಸಾಯುತ್ತಿದೆ. ಸಾಯುವುದು ಸಹಜವೇ ಎಂದು ತಾವು ಮುದ್ರೆ ಒತ್ತಿ ಕಳಿಸಿದ್ದೀರಿ. “ಅರ್ಜಿದಾರಳ ಮಣಿಕಟ್ಟಿನ ನರದ ತೊಂದರೆಯು ವಯೋಸಹಜವಾಗಿದ್ದು, ಹಿಟ್ಟು ನಾದುವುದು, ಹಾಲು ಕರೆಯುವುದು ಮುಂತಾದ ಗೃಹಕೃತ್ಯಗಳಿಂದ ಉಲ್ಬಣಿಸಿರುತ್ತದೆ; ಕಂಪ್ಯೂಟರ್ ಕೆಲಸಕ್ಕೂ ಇದಕ್ಕೂ ಸಂಬಂಧ ಕಂಡುಬಂದಿರುವುದಿಲ್ಲ” ಎನ್ನುತ್ತದೆ ತಮ್ಮ ಆದೇಶ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಇದನ್ನು ಬರೆದ ಕೈಗೆ ನೋವಿಲ್ಲ ಎಂಬುದು ಓದಿದ ಕೂಡಲೇ ತಿಳಿಯುತ್ತದೆ.

ಈ ಒಂದು ವಾಕ್ಯದಲ್ಲಿ ನನ್ನದೆಲ್ಲವೂ ಇದೆ. ‘ಕೆಲಸದಿಂದ ಬಂದದ್ದು’ ಎಂದು ತಾವು ಬರೆದಿದ್ದರೆ, ಕಚೇರಿಯವರು ಇದೇ ಸಂಬಳದಲ್ಲಿ ನನ್ನನ್ನು ಬೇರೆ ಕೆಲಸಕ್ಕೆ ಹಾಕಲೇಬೇಕಿತ್ತು. ಆಗ ಹೊರಗಿನ ಕಿಟಕಿಯಲ್ಲಿ ಕೂತು ಜನರ ಅರ್ಜಿ ತೆಗೆದುಕೊಂಡು ಇರುತ್ತಿದ್ದೆ. ಬಾಯಿಗೆ ಇನ್ನೂ ಏನೂ ಆಗಿಲ್ಲವಲ್ಲ. ಈಗ ನನ್ನ ಮುಂದೆ ಇರುವುದು ಎರಡೇ ದಾರಿ. ನಿವೃತ್ತಿಗೆ ಇನ್ನೂ ಎರಡು ಚಳಿಗಾಲವಿದೆ. ಕೆಲಸ ಬಿಟ್ಟರೆ ಪಿಂಚಣಿ ಹೋಗುತ್ತದೆ, ಬಿಡದಿದ್ದರೆ ಕೈ ಹೋಗುತ್ತದೆ. ನಮ್ಮ ಊರಿನ ಆಸ್ಪತ್ರೆಯ ವೈದ್ಯೆ ನನ್ನ ಹೆಬ್ಬೆರಳ ಬುಡ ಒತ್ತಿ ನೋಡಿ, “ಇಲ್ಲಿದ್ದ ಮಾಂಸ ಎಲ್ಲಿ ಹೋಯ್ತು ಅಕ್ಕಾ? ಇನ್ನೊಂದು ಚಳಿಗಾಲ ಹೀಗೇ ಕುಟ್ಟಿದ್ರೆ, ಆಮೇಲೆ ಕೊಯ್ದು ನರ ಬಿಡಿಸಿದ್ರೂ ಬಲ ವಾಪಸ್ ಬರಲ್ಲ” ಎಂದಳು. ಆಕೆ ನನ್ನ ಕೈಯನ್ನು ಮುಟ್ಟಿ ನೋಡಿದ್ದಳು. ತಮ್ಮ ಮಂಡಳಿಯಲ್ಲಿ ಯಾರೂ ಮುಟ್ಟಲಿಲ್ಲ.

ನನ್ನ ಕೆಲಸವೇನೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಸೋವಿಯತ್ ಕಾಲದಿಂದ ಪೆಟ್ಟಿಗೆಗಳಲ್ಲಿ ಬಿದ್ದಿರುವ ಹುಟ್ಟು, ಸಾವು, ಮದುವೆಗಳ ಕಾರ್ಡುಗಳನ್ನು ನೋಡಿ ನೋಡಿ ಕಂಪ್ಯೂಟರಿಗೆ ಹಾಕುವುದು. ಹುಡುಗಿಯಾಗಿದ್ದಾಗ ಇದೇ ಕಚೇರಿಯಲ್ಲಿ ಕಬ್ಬಿಣದ ಬೆರಳಚ್ಚು ಯಂತ್ರ ಕುಟ್ಟುತ್ತಿದ್ದೆ. ಅದು ಗಟ್ಟಿ ಯಂತ್ರ, ಬೆರಳು ಬಲ ಕೇಳುತ್ತಿತ್ತು. ಆದರೆ ಸಾಲು ಮುಗಿದಾಗಲೆಲ್ಲ ಕೈಯೆತ್ತಿ ಹಾಳೆ ಹೊತ್ತ ಅದರ ಗಾಡಿಯನ್ನು ತಳ್ಳಬೇಕು, ಹಾಳೆ ಮುಗಿದರೆ ಬದಲಿಸಬೇಕು, ಶಾಯಿಪಟ್ಟಿ ಸಿಕ್ಕಿಕೊಂಡರೆ ಬೈಯಬೇಕು. ಕೈಗೆ ಬಿಡುವು ಸಿಗುತ್ತಿದ್ದುದೇ ಅಲ್ಲಿ. ಈ ಹೊಸ ಯಂತ್ರಕ್ಕೆ ಹಾಳೆಯೂ ಇಲ್ಲ, ಗಾಡಿಯೂ ಇಲ್ಲ, ನಮ್ಮ ಕೈಗೆ ಬಿಡುವೂ ಇಲ್ಲ. ವಯಸ್ಸಾದ ಕಣ್ಣಿಗೆ ಎರಡು ಭಾಗದ ಕನ್ನಡಕ ಬೇರೆ. ಪರದೆ ಕಾಣಬೇಕಾದರೆ ಅದರ ಕೆಳಭಾಗದಿಂದ ನೋಡಬೇಕು. ಅದಕ್ಕೆ ಗಲ್ಲ ಮೇಲೆತ್ತಿ ದಿನವಿಡೀ ಕೂರಬೇಕು. ಸಂಜೆಯ ಹೊತ್ತಿಗೆ ಕತ್ತಿನಿಂದ ಬೆರಳ ತುದಿಯವರೆಗೆ ಒಂದೇ ನೋವು. ಇದೆಲ್ಲ ತಮ್ಮ ಆದೇಶದಲ್ಲಿ ಯಾವ ಸಾಲಿನಲ್ಲಿದೆ?

ಇನ್ನು ನನ್ನ ಕುರ್ಚಿಯ ವಿಚಾರ. ನಮ್ಮ ಕಿರ್ಗಿಜರಲ್ಲಿ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ, ಬಾಗಿಲಿಗೆ ಎದುರಾಗಿ ಒಳತುದಿಯ ಜಾಗ ಹಿರಿಯರದು, ಬಾಗಿಲ ಬಳಿಯದು ಕಿರಿಯರದು. ನಮ್ಮ ಕಚೇರಿಯಲ್ಲಿ ನಾನೇ ಹಿರಿಯಳಾದ ವರ್ಷ, ಹುಡುಗಿಯರೆಲ್ಲ ಸೇರಿ ನನ್ನನ್ನು ಒಳತುದಿಗೆ ಕೂರಿಸಿದರು. ಹಳೆಯ ಮುಖ್ಯಸ್ಥರು ಬಿಟ್ಟುಹೋದ ದೊಡ್ಡ ಕುರ್ಚಿ, ಕೆತ್ತನೆಯ ಮೇಜು, ಹಿಂದೆ ಕಿಟಕಿ. ಕುರ್ಚಿಯಲ್ಲಿ ಕೂತರೆ ಹಿಟ್ಟಿನ ಮೂಟೆಯಲ್ಲಿ ಹೂತುಹೋದ ಹಾಗೆ. ಮೇಜು ನನ್ನ ಎದೆಯ ಎತ್ತರ. ಕಿಟಕಿಯ ಬಿಸಿಲು ಪರದೆಗೆ ಹೊಡೆಯುತ್ತದೆಂದು ಪರದೆಯನ್ನು ಪಕ್ಕಕ್ಕೆ ತಿರುಗಿಸಿದರು. ಹಾಗಾಗಿ ಕೈ ಒಂದು ಕಡೆ, ಕತ್ತು ಒಂದು ಕಡೆ. ಕಳೆದ ವರ್ಷ ಹೊಸ ಕುರ್ಚಿಯೊಂದು ಬಂತು, ಏರಿಸಿ ಇಳಿಸಿ ಮಾಡಬಹುದಾದದ್ದು, ಬೆನ್ನಿಗೆ ಒತ್ತು ಕೊಡುವಂಥದ್ದು. ಅದನ್ನು ಎಲ್ಲಿಟ್ಟರು? ಅದು ಚಿಕ್ಕದು, ಸಾಧಾರಣದ್ದು ಎಂದು ಬಾಗಿಲ ಬಳಿ, ಎಲ್ಲರಿಗಿಂತ ಕಿರಿಯಳಾದ ನುರ್ಜಾದಾಗೆ ಕೊಟ್ಟರು.

ಪಾಪ, ಆ ಹುಡುಗಿಯೇ ಒಂದು ದಿನ ಬಾಯಿಬಿಟ್ಟಳು. “ಅಕ್ಕಾ, ನೀವು ಇದರಲ್ಲಿ ಕೂತ್ಕೊಳ್ಳಿ, ನಾನು ಅಲ್ಲಿಗೆ ಹೋಗ್ತೀನಿ.” ಉಳಿದವರು ಹೌಹಾರಿದರು. “ನಾಚಿಕೆ ಆಗಲ್ವೇನೇ? ಅಕ್ಕನ್ನ ಬಾಗಿಲಿಗೆ ಕೂರಿಸಿ ನೀನು ಒಳಗೆ ಮೆರೀತೀಯಾ?” ಅವಳು ಅಳುಮುಖ ಮಾಡಿಕೊಂಡು ಮತ್ತೆ ತನ್ನ ಕುರ್ಚಿಯಲ್ಲೇ ಕೂತಳು. ನಾನೂ ನನ್ನದರಲ್ಲೇ ಕೂತೆ. ಮರ್ಯಾದೆ ಎಂಬುದು ಹಾಗೆ ಸುಲಭವಾಗಿ ಎದ್ದು ಬರಲು ಬಿಡುವುದಿಲ್ಲ, ಮಾನ್ಯರೇ. ಕೊನೆಗೆ ತಡೆಯಲಾರದೆ, ಆ ಕುರ್ಚಿ ನನಗೆ ಕೊಡಿ ಎಂದು ಮುಖ್ಯಸ್ಥರನ್ನೇ ಕೇಳಿದೆ. “ಏನಮ್ಮಾ, ಹೊರಗಿನವರು ಬಂದ್ರೆ ನಮ್ಮ ಬಗ್ಗೆ ಏನಂದ್ಕೋತಾರೆ?” ಎಂದರು. ಎಲ್ಲರೂ ಗೌರವಿಸಿ ಗೌರವಿಸಿಯೇ ನನ್ನ ಕೈ ಮುರಿದರು.

ಈಗ ತಮ್ಮ ಮಂಡಳಿಯ ಮುಂದೆ ನಾನು ನಿಂತ ದಿನದ ಮಾತು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ತಾವು ಕನ್ನಡಕದ ಮೇಲಿನಿಂದ ನೋಡುತ್ತ ಕೇಳಿದಿರಿ.

“ಮನೇಲಿ ರೊಟ್ಟಿ ಹಿಟ್ಟು ಯಾರಮ್ಮ ನಾದೋದು?”

“ನಾನೇ, ಇನ್ಯಾರು!”

“ಹಸು ಇದೆಯೇ?”

“ಇಲ್ಲದೆ ಏನು!”

“ಹಾಲು ಕರೆಯೋದು?”

“ನಾನೇ!”

ತಾವೂ ಕಿರ್ಗಿಜ್ ತಾಯಿಯ ಮಗನೇ. ಪರಗಂಡಸರು ಮೂವರು ಕೂತು ‘ನಿನ್ನ ಮನೆಯ ರೊಟ್ಟಿ ಯಾರು ಮಾಡುತ್ತಾರೆ’ ಎಂದು ಕೇಳಿದರೆ, ನಮ್ಮಲ್ಲಿ ಯಾವ ಹೆಂಗಸು ‘ನನ್ನಿಂದ ಆಗುವುದಿಲ್ಲ’ ಎಂದಾಳು? ತಮ್ಮ ತಾಯಿ ಹೇಳುತ್ತಿದ್ದರೇ? ನಾನು ಮಾನ ಉಳಿಸಿಕೊಳ್ಳಲು ಉತ್ತರ ಕೊಟ್ಟೆ, ತಾವು ಅದನ್ನು ರೋಗದ ಕಾರಣವೆಂದು ಬರೆದುಕೊಂಡಿರಿ. ನಿಜವೇನೆಂದರೆ ಒಂದು ವರ್ಷದಿಂದ ಹಸುವನ್ನು ಕರೆಯುತ್ತಿರುವುದು ಪಕ್ಕದ ಮನೆಯ ಸೊಸೆ. ಹಿಟ್ಟು ನಾದುತ್ತಿರುವುದು ನನ್ನ ಗಂಡ ಒಮುರ್ಕುಲ್. ಅದೂ ಕಿಟಕಿಯ ಪರದೆ ಎಳೆದುಕೊಂಡು. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ, ಹಿಟ್ಟನ್ನೂ ಸ್ಟಿಯರಿಂಗ್ ತಿರುಗಿಸುವ ಹಾಗೆ ತಿರುಗಿಸುತ್ತಾರೆ. ಆ ದಿನ ತಮ್ಮ ಕೋಣೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದವರು ಅವರೇ. ಅವರ ಅಂಗಿಯ ತೋಳಿನ ತುದಿಗೆ ಬೆಳಗಿನ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ತಾವು ನೋಡಲಿಲ್ಲ.

ಹೊರಗೆ ಬಂದ ಮೇಲೆ ಒಮುರ್ಕುಲ್ ರೇಗಿದರು. “ಸುಳ್ಳು ಯಾಕೆ ಹೇಳ್ದೆ?”

“ನೀವ್ಯಾಕೆ ಬಾಯಿ ಬಿಡ್ಲಿಲ್ಲ?”

“ಏನಂತ ಬಿಡ್ಲಿ? ಒಮುರ್ಕುಲ್ ರೊಟ್ಟಿ ತಟ್ತಾನೆ ಅಂತ ಊರಿಗೆಲ್ಲ ಡಂಗುರ ಹೊಡೀಲಾ?”

ಇಬ್ಬರೂ ನಕ್ಕೆವು. ತಮ್ಮ ಆದೇಶ ಬರುವವರೆಗೆ ಅದು ನಗುವ ಮಾತೇ ಆಗಿತ್ತು.

ಆಮೇಲೆ ನಡೆದದ್ದು ನಗುವಂಥದ್ದಲ್ಲ. ನಮ್ಮ ಮಗ ಎಲ್ದಿಯಾರ್‌ಗೆ ಹೆಣ್ಣು ಗೊತ್ತಾಗಿ, ಬೀಗರು ಮೊದಲ ಸಲ ಮನೆಗೆ ಬಂದರು. ಮನೆಯಲ್ಲಿ ಸೊಸೆ ಇನ್ನೂ ಇಲ್ಲದ್ದರಿಂದ ಚಹಾ ನಾನೇ ಸುರಿಯಬೇಕು. ಬಟ್ಟಲಿಗೆ ಅರ್ಧ ಸುರಿಯಬೇಕು, ಖಾಲಿಯಾದರೆ ಮತ್ತೆ ಅರ್ಧ, ಮತ್ತೆ ಅರ್ಧ. ಹಾಗೆ ಸುರಿಯುತ್ತಲೇ ಇದ್ದರೆ ‘ಇನ್ನೂ ಕೂತಿರಿ’ ಎಂದು ಅರ್ಥ. ತುಂಬಿದ ಬಟ್ಟಲು ಕೊಟ್ಟರೆ ‘ಕುಡಿದು ಹೊರಡಿ’ ಎಂದಂತೆ. ಇದು ತಮ್ಮ ಮನೆಯ ಮಕ್ಕಳಿಗೂ ಗೊತ್ತು. ಎರಡು ಸುತ್ತು ಹೇಗೋ ಸುರಿದೆ. ಮೂರನೆಯ ಸಲ ಕೆಟಲು ಎತ್ತುವಾಗ ಬೆರಳುಗಳು ನನ್ನವಲ್ಲ ಎನ್ನಿಸಿತು. ಹಿಡಿ ಕೈಯಲ್ಲಿದೆಯೋ ಇಲ್ಲವೋ ತಿಳಿಯದು. ಕುದಿಯುವ ಚಹಾ ಯಾರ ಮೈಮೇಲಾದರೂ ಬಿದ್ದೀತೆಂಬ ಭಯ. ಒಂದೇ ಸಲಕ್ಕೆ ಸುರಿದು ಕೆಟಲು ಕೆಳಗಿಟ್ಟುಬಿಡೋಣ ಎಂದು ಸುರಿದೆ. ಬೀಗಿತ್ತಿ ಶಾಯಿರ್‌ಗುಲ್ ಕೈಗೆ ನಾನು ಕೊಟ್ಟ ಬಟ್ಟಲು ಕಂಠಪೂರ್ತಿ ತುಂಬಿತ್ತು.

ಆಕೆ ಬಟ್ಟಲು ನೋಡಿದರು, ಗಂಡನ ಮುಖ ನೋಡಿದರು. ಅಷ್ಟನ್ನೂ ಕುಡಿದರು. ಊಟ ಮುಗಿದ ಮೇಲೆ ಮಾಡುವ ಹಾಗೆ ಇಬ್ಬರೂ ಅಂಗೈಗಳನ್ನು ಮುಖದ ಮೇಲೆ ಎಳೆದುಕೊಂಡು ಹರಸಿ ಎದ್ದರು. ಒಲೆಯ ಮೇಲೆ ಕುರಿಮಾಂಸ ಇನ್ನೂ ಬೆಂದಿರಲಿಲ್ಲ. “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಒಮುರ್ಕುಲ್ ಅಂಗಳದವರೆಗೂ ಓಡಿದರು. ಬೀಗರು, “ಸಾಕು ಬೀಗರೇ, ಗೊತ್ತಾಯ್ತು” ಎಂದಷ್ಟೇ ಹೇಳಿ ಕಾರು ಹತ್ತಿದರು. ಎಲ್ದಿಯಾರ್ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದ. “ಅಮ್ಮಾ, ನಿಂಗೆ ಇಷ್ಟ ಇರ್ಲಿಲ್ಲ ಅಂದ್ರೆ ಮೊದ್ಲೇ ಹೇಳ್ಬಹುದಿತ್ತಲ್ಲ” ಎಂದ. ಮಗನಿಗೂ ನಾನು ಕೈಯ ವಿಚಾರ ಹೇಳಿರಲಿಲ್ಲ. ಆಗ ನಾನು ಅತ್ತಷ್ಟು ನನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ.

ಮರುದಿನ ಒಮುರ್ಕುಲ್ ಬೀಗರ ಮನೆಗೆ ಹೋಗಿ, ಕುರ್ಚಿಯಿಂದ ಹಿಡಿದು ಪರದೆ ಎಳೆದುಕೊಂಡು ನಾದುವ ಹಿಟ್ಟಿನವರೆಗೆ ಎಲ್ಲವನ್ನೂ ಹೇಳಿದರು. ಶಾಯಿರ್‌ಗುಲ್ ಅಂದೇ ಓಡಿಬಂದು ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ಹುಚ್ಚೀ! ಕೈ ನೋವು ಅಂತ ಒಂದ್ ಮಾತು ಅಂದಿದ್ರೆ ನಾನೇ ಚಹಾ ಸುರೀತಿರ್ಲಿಲ್ವಾ? ಬೀಗರಂದ್ರೆ ಅಷ್ಟೂ ಆಗಲ್ವೇನೇ?” ಎಂದು ಬೈದರು. ಬೈಯುತ್ತ ಬೈಯುತ್ತಲೇ ಹೆಬ್ಬೆರಳ ಬುಡದ ಹಳ್ಳ ಅವರ ಬೆರಳಿಗೆ ಸಿಕ್ಕಿತು. ಅಲ್ಲಿಂದ ಬೆರಳು ತೆಗೆಯಲೇ ಇಲ್ಲ.

ಮಾನ್ಯರೇ, ನನ್ನಿಂದ ಅವಮಾನಗೊಂಡ ಬೀಗರೇ ನಂಬಿದರು. ನನ್ನಿಂದ ಯಾವ ಅಪಚಾರವೂ ಆಗದ ತಾವೇಕೆ ನಂಬುವುದಿಲ್ಲ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ತಮಗೆ ಅಂಗೈಯನ್ನೇ ನೋಡುವ ಮನಸ್ಸಿಲ್ಲ. ನಿಜ ಹೇಳಲು ತಮ್ಮ ಕಚೇರಿಗೆ ಮತ್ತೆ ಹೋದೆ. ಕಿಟಕಿಯಲ್ಲಿದ್ದ ಗುಮಾಸ್ತೆ, “ನೀವೇ ನಾದ್ತೀನಿ ಅಂತ ಹೇಳಿದೀರಲ್ಲ ಅಮ್ಮಾ, ಬರ್ಕೊಂಡಾಗಿದೆ. ಈಗ ಇಲ್ಲ ಅಂದ್ರೆ ಹೇಗೆ?” ಎಂದು ಕಿಟಕಿ ಎಳೆದುಕೊಂಡಳು. ಸುಳ್ಳನ್ನು ಒಂದೇ ಸಲಕ್ಕೆ ಬರೆದುಕೊಂಡವರಿಗೆ ನಿಜವನ್ನು ಬರೆದುಕೊಳ್ಳಲು ಶಾಯಿ ಇರಲಿಲ್ಲ.

ಇನ್ನೊಂದು ವಿಷಯ ಕೇಳಿ. ವಯಸ್ಸೇ ಕಾರಣ ಎನ್ನುತ್ತೀರಿ. ನುರ್ಜಾದಾಗೆ ಇನ್ನೂ ಮದುವೆಯಾಗಿಲ್ಲ. ಒಳ್ಳೆಯ ಕುರ್ಚಿಯಲ್ಲೇ ಕೂರುತ್ತಾಳೆ. ಆದರೂ ಈಚೆಗೆ ಬೆಳಗ್ಗೆ ಬಂದು ಕೋಟು ತೆಗೆದ ಮೇಲೆ, ಒದ್ದೆ ಕೈ ಒದರುವ ಹಾಗೆ ಕೈ ಒದರುತ್ತಾಳೆ. ಎಂಟು ವರ್ಷದ ಹಿಂದೆ ನಾನು ಒದರಲು ಶುರುಮಾಡಿದ್ದೂ ಹೀಗೆಯೇ. “ಏನಾಗಿದೆಯೇ?” ಎಂದರೆ, “ಏನಿಲ್ಲಕ್ಕಾ, ಜೋಮು ಹಿಡಿದಿದೆ” ಎಂದು ನಗುತ್ತಾಳೆ. ಅವಳ ಮನೆಯಲ್ಲಿ ಹಸುವಿಲ್ಲ. ರೊಟ್ಟಿಯನ್ನು ಅಂಗಡಿಯಿಂದ ತರುತ್ತಾರೆ. ಅವಳಿಗೆ ಯಾವ ಕಾರಣ ಬರೆಯುತ್ತೀರಿ? ವಯಸ್ಸಾಗದಿರುವುದೇ ಕಾರಣ ಎನ್ನುತ್ತೀರಾ?

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಒಮುರ್ಕುಲ್‌ರನ್ನು ಕೇಳಿದೆ. “ಊರೆಲ್ಲ ನಿಮ್ಮನ್ನ ಆಡ್ಕೊಳ್ಳುತ್ತೆ, ಬೇಡ ಅಂದ್ರೆ ಬಿಟ್ಬಿಡ್ತೀನಿ.” ಅವರು ಎದ್ದು ಹೋಗಿ ಕೈಯ ಹಿಟ್ಟು ತೊಳೆದುಕೊಂಡು ಬಂದರು. ಆಮೇಲೆ, “ಬರಿ. ಹೆಸರೂ ಹಾಕು. ನಗೋರು ನಗ್ಲಿ, ಅವರ ಹೆಂಡ್ತೀರ ಕೈ ನೆಟ್ಟಗಿರಲಿ” ಎಂದರು. ನನ್ನ ಗಂಡ ತನ್ನ ಮಾನವನ್ನು ಬೀದಿಗೆ ತಂದು ತಮ್ಮ ಮುಂದೆ ಇಟ್ಟಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷ್ಯ ಇನ್ನೇನು ಬೇಕು?

ನನಗೆ ಭಯವಾಗಿದೆ, ಮಾನ್ಯರೇ. ವ್ಯಂಗ್ಯದ ಮಾತೆಲ್ಲ ಮುಗಿಯಿತು, ಇನ್ನು ಉಳಿದಿರುವುದು ಭಯವೊಂದೇ. ಬೆಟ್ಟದ ಮೇಲೆ ಆಗಲೇ ಹಿಮ ಬಿದ್ದಿದೆ. ಮಗನ ಮದುವೆ ವಸಂತಕ್ಕೆ. ಬರುವ ಸೊಸೆಯ ತಲೆಗೆ ಬಿಳಿ ವಸ್ತ್ರ ಸುತ್ತುವುದು ನಮ್ಮಲ್ಲಿ ಅತ್ತೆಯ ಕೆಲಸ. ಆ ಗಂಟು ಹಾಕುವಷ್ಟು ಬಲ ವಸಂತದವರೆಗೆ ನನ್ನ ಬೆರಳುಗಳಲ್ಲಿ ಉಳಿಯಬೇಕು. ಪಿಂಚಣಿಗಿಂತ ಹೆಚ್ಚಾಗಿ ನಾನು ಅದನ್ನೇ ನೆನೆಯುತ್ತಿದ್ದೇನೆ. ಆದ್ದರಿಂದ ತಮ್ಮ ಆದೇಶವನ್ನು ಹಿಂತೆಗೆದುಕೊಂಡು ನನ್ನನ್ನು ಮತ್ತೆ ಪರೀಕ್ಷಿಸಬೇಕೆಂದು ಒತ್ತಾಯಿಸುತ್ತೇನೆ. ಬೇಡುತ್ತೇನೆ ಎಂದೇ ಓದಿಕೊಳ್ಳಿ. ಈ ಸಲ ಪ್ರಶ್ನೆ ಕೇಳಬೇಡಿ, ನಮ್ಮವರು ಪ್ರಶ್ನೆಗೆ ಮರ್ಯಾದೆಯ ಉತ್ತರವನ್ನೇ ಕೊಡುತ್ತಾರೆ. ಮೇಜಿನ ಆಚೆಯಿಂದ ಎದ್ದು ಬನ್ನಿ, ನನ್ನ ಕೈ ಹಿಡಿಯಿರಿ. ನಾನು ನನ್ನ ಬಲವನ್ನೆಲ್ಲ ಹಾಕಿ ತಮ್ಮ ಕೈಯನ್ನು ಅದುಮುತ್ತೇನೆ. ತಮಗೆ ಏನೂ ತಿಳಿಯದೇ ಹೋದರೆ, ಅದೇ ನನ್ನ ಉತ್ತರ.

ಇಂತಿ,
ಊರಿಗೆಲ್ಲ ಬೆರಳಚ್ಚು ಮಾಡಿಕೊಟ್ಟು ತನ್ನ ಪತ್ರವನ್ನು ಗಂಡನ ಒಂದೇ ಬೆರಳಿನಿಂದ ಕುಟ್ಟಿಸಿದ,
ಕಾಲಿಚಾ ಸಾಪಾಶೆವಾ