ಗಂಡಸರ ಗುಂಪಿಗೆ ಮದುವೆಯ ಕೇಕು

ತೈನಾನ್
ನವೆಂಬರ್ 9, ಶನಿವಾರ

ನನ್ನ ಮುದ್ದಿನ ಅಕ್ಕಾ,

ಬಯ್ಯಬೇಡ, ಬಯ್ಯಬೇಡ! ಮದುವೆಯಾದ ವಾರದಲ್ಲೇ ಬರೆಯುತ್ತೇನೆ ಎಂದವಳು ತಿಂಗಳು ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ. ಸುಖಕ್ಕೆ ಹೊತ್ತೇ ಸಾಲುವುದಿಲ್ಲ ಕಣೇ. ತ್ಸುನ್‌ಮಿಂಗ್ ಬೆಳಿಗ್ಗೆ ನನಗಿಂತ ಮೊದಲೆದ್ದು ಮೀನಿನ ಗಂಜಿ ತರುತ್ತಾನೆ, ಮುಳ್ಳು ಬಿಡಿಸಿ ಕೊಡುತ್ತಾನೆ. ನಾನು ಮಹಾರಾಣಿ!

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಹೌದು, ಗುಂಪಿಗೆ ಇನ್ನೂ ಹೋಗುತ್ತಿದ್ದಾನೆ. ಮೊದಲ ಹೆಂಡತಿ ಮೇಯ್‌ಚುನ್‌ಗೆ ಹೊಡೆದದ್ದಕ್ಕೆ ಕೋರ್ಟು ಹಾಕಿದ ಕಟ್ಟಳೆ ಅದು. ಹೆಂಡತಿಯ ಮೇಲೆ ಕೈ ಮಾಡಿದ ಗಂಡಸರು ವಾರಕ್ಕೊಮ್ಮೆ ದುಂಡಗೆ ಕುಳಿತು ಮಾತಾಡಬೇಕು. ಬರುವ ಗುರುವಾರ ಅಲ್ಲಿನ ಲ್ಯೋ ಮೇಡಂ ನನಗೆ ಫೋನ್ ಮಾಡಿ, ಮನೆಯಲ್ಲಿ ನನಗೆ ಭಯವಿದೆಯೇ ಎಂದು ಕೇಳುತ್ತಾರಂತೆ. ಇಲ್ಲ ಎಂದರೆ ಅವನಿಗೆ ಬಿಡುಗಡೆ. ಇದೆ ಎಂದರೆ ಮತ್ತೆ ಕೋರ್ಟು.

ಹೋದ ವಾರ ನಾನೊಂದು ಪೆದ್ದು ಕೆಲಸ ಮಾಡಿದೆ. ಮದುವೆಯ ಕೇಕನ್ನು ನಿನ್ನ ಗೆಳತಿಯರಿಗೆ, ನನ್ನ ಟೀಚರುಗಳಿಗೆ, ಬೀದಿಯವರಿಗೆಲ್ಲ ಹಂಚಿಯಾಗಿತ್ತು. ಇವನ ಗುಂಪಿನವರನ್ನು ಬಿಡುವುದು ಹೇಗೆ? ಕೆಂಪು ಡಬ್ಬಿಗಳನ್ನು ಹೊತ್ತು ನೇರ ಹೋಗಿ ಬಾಗಿಲು ತಟ್ಟಿದೆ!

ಒಳಗೆ ಎಲ್ಲರೂ ಡಬ್ಬಿಗಳತ್ತ ತಿರುಗಿದರು. ಆಮೇಲೆ ಆ-ತೂ ಎಂಬ ಟ್ಯಾಕ್ಸಿ ಓಡಿಸುವ ಮುದುಕ, ಅಡಿಕೆ ಜಗಿದು ಕೆಂಪಾದ ಹಲ್ಲು ಬಿಟ್ಟು ನಕ್ಕ. "ಏನೋ ತಮ್ಮಾ, ಮೊದಲ್ನೇ ಮದ್ವೆ ಕೇಕೇ ಇನ್ನೂ ಅರಗಿಲ್ಲ, ಎರಡ್ನೇದು ಬಂತಾ?"

ಗುಂಪು ನಡೆಸುವ ಫಾಂಗ್ ಸರ್ ನಗಲಿಲ್ಲ. ನನ್ನನ್ನು ಮೆಲ್ಲಗೆ ಹೊರಗೆ ಕಳಿಸಿ, "ತಿನ್ನೋಣ. ಆದ್ರೆ ಮೊದ್ಲು, ನಿಮ್ಮ ಮದ್ವೇಲಿ ಯಾರ ಹೆಸರಲ್ಲಿ ಕೇಕು ಹಂಚಿದ್ರೋ ಅವಳಿಗೆ ಏನು ಮಾಡಿದ್ರಿ ಅಂತ ಒಬ್ಬೊಬ್ರೂ ಹೇಳಿ," ಎಂದರು. ಆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ನಾನು ಕದಲಲಿಲ್ಲ.

"ಒದ್ದೆ. ಹೊಟ್ಟೆಗೆ," ಎಂದ ಆ-ತೂ. "ಈಗ ಈ ಕೇಕು ಗಂಟ್ಲಲ್ಲಿ ಇಳಿಯಲ್ಲ, ತಗೊಳ್ರಿ ಅತ್ಲಾಗೆ."

ನನ್ನವನ ಸರದಿ ಬಂತು. "ಅವಳಿಗೆ ಕುರ್ಚಿ ತಾಗ್ತು."

"ಕುರ್ಚಿ ತಾನೇ ನಡ್ಕೊಂಡು ಹೋಯ್ತೇನೋ?"

"ಸುಮ್ನಿರಯ್ಯಾ ಮುದ್ಕ!"

"ನನ್ನ ಬಾಯಿ ಮುಚ್ಚಿಸ್ತೀಯಾ? ಮುಚ್ಚಿಸು. ಹೊರಗೆ ಹೋದ್ಳಲ್ಲ ಆ ಹುಡ್ಗಿ, ಅವಳಿಗೂ ಹಿಂಗೇ ಅಂತೀಯಾ?"

ಕೊನೆಗೆ ನನ್ನ ಗಂಡನ ದನಿ: "ನಾನೇ ಎತ್ತಿ ಹೊಡ್ದೆ."

ಅಕ್ಕಾ, ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು! ಹಾಗೆ ಹೇಳಲು ಎಂಥ ಧೈರ್ಯ ಬೇಕು! ವಾಪಸ್ಸು ಬರುವಾಗ ಸ್ಕೂಟರಿನಲ್ಲಿ ಅವನು ಒಂದು ಮಾತೂ ಆಡಲಿಲ್ಲ, ದಣಿದಿದ್ದ, ಪಾಪ. ಮನೆ ಸೇರಿದ ಮೇಲೆ, "ಇನ್ಮೇಲೆ ನನ್ನ ಕೇಳ್ದೆ ಎಲ್ಲಿಗೂ ಹೋಗ್ಬೇಡ," ಎಂದ. ನ್ಯಾಯವೇ. ಕೇಳದೆ ಹೋದದ್ದು ನನ್ನದೇ ತಪ್ಪು.

ಗುರುವಾರದ ಉತ್ತರ ಸಿದ್ಧವಾಗಿದೆ: ಭಯವೇ ಇಲ್ಲ. ಅದನ್ನು ಕಿವಿಯಾರೆ ಕೇಳಬೇಕೆಂದು ಅವನು ರಜೆ ಹಾಕಿ ನನ್ನ ಪಕ್ಕದಲ್ಲೇ ಕೂರುತ್ತಾನಂತೆ, ಫೋನು ಸ್ಪೀಕರಿನಲ್ಲಿ. ಎಷ್ಟು ಸ್ವೀಟ್ ಅಲ್ಲವೇ?

ಭಾವನಿಗೆ ನಮಸ್ಕಾರ. ಪುಟ್ಟಿಗೆ ಹೊಸ ಹಲ್ಲು ನೋವಿಲ್ಲದೆ ಬರಲಿ, ನಿಮ್ಮ ಮನೆಯ ಅನ್ನದ ಬಟ್ಟಲು ಎಂದೂ ಬರಿದಾಗದಿರಲಿ.

ನಿನ್ನ ಹುಚ್ಚು ತಂಗಿ,
ವಾನ್‌ರು

ತಾ.ಕ.: ಮೇಲಿನದನ್ನು ಅವನು ಓದಿ, ಚೆನ್ನಾಗಿದೆ ಎಂದ. ಇದನ್ನು ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ. ಹೊರಗೆ ಅವನು ಸ್ಕೂಟರ್ ಆರಿಸದೆ ಕಾಯುತ್ತಿದ್ದಾನೆ. ಅವತ್ತು ಗುಂಪಿನಿಂದ ಬಂದ ಮೇಲೆ ಕದ ಹಾಕಿಕೊಂಡು ನನ್ನ ಕೂದಲು ಹಿಡಿದು, ಉಳಿದ ಕೇಕನ್ನೆಲ್ಲ ಬಾಯಿಗೆ ತುರುಕಿದ. ಉಸಿರು ಕಟ್ಟಿ ನಾನು ಬಿದ್ದ ಮೇಲೆಯೇ ಬಿಟ್ಟದ್ದು. ನನಗೆ ಫೋನ್ ಮಾಡಬೇಡ, ಅದು ಅವನ ಹತ್ತಿರ ಇರುತ್ತದೆ. ಗುರುವಾರಕ್ಕೆ ಮೊದಲು ಲ್ಯೋ ಮೇಡಂಗೆ ನೀನೇ ಫೋನ್ ಮಾಡು. ನಾನು ನಗುನಗುತ್ತಾ ಭಯವಿಲ್ಲ ಎನ್ನುತ್ತೇನೆ, ಚೆನ್ನಾಗಿಯೇ ಹೇಳುತ್ತೇನೆ. ನಂಬಬೇಡಿ ಎನ್ನು.