ನಾಗರಕಟ್ಟೆಗೆ ಫ್ಲಾಟ್ ನಂಬರ್ ಇಲ್ಲ

ಜೆ.ಪಿ. ನಗರ,
ಶುಕ್ರವಾರ

ಅಸೋಸಿಯೇಷನ್ ಅಧ್ಯಕ್ಷರಾದ ವೇಣುಗೋಪಾಲ್ ಅವರಿಗೆ ನಮಸ್ಕಾರ.

ಬಂದವರನ್ನು ಯಾರದೋ ಫ್ಲಾಟಿನ ಹೆಸರಲ್ಲಿ ಒಳಬಿಡುತ್ತಾರೆಂದು ಸೆಕ್ಯೂರಿಟಿ ಸಿದ್ದರಾಜು ಅವರನ್ನು ಕೆಲಸದಿಂದ ತೆಗೆಯುವುದಾಗಿ ಬರೆದಿದ್ದೀರಿ. ನಿಮ್ಮ ಗೇಟಿನ ಆ್ಯಪ್ ವಿನ್ಯಾಸ ಮಾಡಿದವಳು ನಾನು. ಅದಕ್ಕೇ ಇವತ್ತು ಬೆಳಿಗ್ಗೆ ತಲಘಟ್ಟಪುರದ ನಿಮ್ಮ ಅಪಾರ್ಟ್‌ಮೆಂಟಿಗೆ ಬಂದು ಗೇಟಿನಲ್ಲೇ ನಿಂತು ನೋಡಿದೆ.

ಮುನಿವೆಂಕಟಮ್ಮ ಎಂಬ ಅಜ್ಜಿ ಹಾಲಿನ ಚೊಂಬು ಹಿಡಿದು ಬಂದರು. ನಿಮ್ಮ ಅಪಾರ್ಟ್‌ಮೆಂಟ್ ಏಳುವ ಮೊದಲು ಆ ಜಾಗ ಅವರ ರಾಗಿ ಹೊಲ. ಕಾಂಪೌಂಡಿನೊಳಗಿನ ನಾಗರಕಟ್ಟೆಗೆ ಅವರ ಮನೆಯವರು ಇಂದಿಗೂ ಹಾಲೆರೆಯುತ್ತಾರೆ. ಯಾವ ಫ್ಲಾಟ್ ಎಂದು ಹೇಳದೆ, ಆ ಫ್ಲಾಟಿನವರು ಫೋನಿನಲ್ಲಿ ಓಕೆ ಒತ್ತದೆ ನಮ್ಮ ಆ್ಯಪ್ ಯಾರನ್ನೂ ಒಳಬಿಡದು.

"ಯಾರ ಮನೆಗೆ ಅಂತ ಹಾಕ್ಲಿ ಅಜ್ಜಿ?" ಎಂದರು ಸಿದ್ದರಾಜು.

"ನಾಗಪ್ಪನ ಮನೆಗೆ ಅಂತ ಹಾಕಪ್ಪ."

ಸಿದ್ದರಾಜು ನಿಮ್ಮ ಫ್ಲಾಟ್ ನಂಬರ್ ಒತ್ತಿದರು. "ಅಧ್ಯಕ್ಷರು ಒಬ್ರೇ ಮೇಡಂ, ತಕ್ಷಣ ಓಕೆ ಮಾಡೋದು" ಎಂದರು. ನೀವೂ ಓಕೆ ಒತ್ತಿದಿರಿ, ನೋಡದೆಯೇ. ಎಲ್ಲರೂ ಹಾಗೇ ಒತ್ತುತ್ತಾರೆ ಸಾರ್, ನಾನೂ ಒತ್ತುತ್ತೇನೆ.

ಸೋಮವಾರದಿಂದ ಆ್ಯಪ್‌ನಲ್ಲಿ ಫ್ಲಾಟುಗಳ ಜೊತೆಗೆ ನಾಗರಕಟ್ಟೆಯೂ ಇರುತ್ತದೆ. ಅಲ್ಲಿಗೆ ಹೋಗಲು ಯಾರ ಓಕೆಯೂ ಬೇಕಾಗುವುದಿಲ್ಲ. ಸಿದ್ದರಾಜು ಅವರನ್ನು ತೆಗೆಯಲೇಬೇಕೆಂದಿದ್ದರೆ, ಅದಕ್ಕೂ ಮೊದಲು ನನ್ನ ಆ್ಯಪ್ ತೆಗೆದುಹಾಕಿ.

ಇನ್ನೊಂದು ಮಾತು. ಆ್ಯಪ್ ಪ್ರಕಾರ ಅಜ್ಜಿ ಇಷ್ಟು ದಿನವೂ ಬಂದದ್ದು ನಿಮ್ಮ ಮನೆಗೇ. ಒಂದು ಸಲವಾದರೂ ಕರೆದು ಕಾಫಿ ಕೊಡಿ.

ಇಂತಿ,
ಶ್ವೇತ