ಗಾಜಿನ ಪೆಟ್ಟಿಗೆಯ ರಾಣಿ

ಮ್ಯೂಸಿಯಂನ ಎಸೆನ್‌ಕುಲ್ ಅಣ್ಣನವರಿಗೆ, ನರಿನ್ ಕಣಿವೆಯಿಂದ ಜೂರಕಾನ್ ಬರೆಯುವುದು.

ನಮ್ಮ ಕುರಿ ಮೇಯುವ ಗುಡ್ಡದಲ್ಲಿ ನೀವು ಅಗೆದು ತೆಗೆದ ‘ಎರಡೂವರೆ ಸಾವಿರ ವರ್ಷದ ರಾಣಿ’ಯ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದೆ. ಅವಳ ಕೈಯಲ್ಲಿ ಬೆಳ್ಳಿ ಬಳೆಯಿದೆ. ಅದು ಬಿರುಕು ಬಿಟ್ಟಾಗ ತಾಮ್ರದ ಬೆಸುಗೆ ಹಾಕಿಸಿದ್ದು ನಮ್ಮಪ್ಪ. ಮಣ್ಣು ಮಾಡುವಾಗ ಊದಿದ ಕೈಯಿಂದ ಬಳೆ ಬರಲಿಲ್ಲ, ಹಾಗೇ ಬಿಟ್ಟೆವು. ಅವಳು ನನ್ನ ತಾಯಿ.

ಹಳೇ ಕಾಲದವರ ಸಮಾಧಿ ದಿಬ್ಬದ ಅಂಚಿನಲ್ಲೇ ನಮ್ಮವರನ್ನೂ ಹೂಳುತ್ತೇವೆಂದು ಅಗೆಯುವ ಮೊದಲೇ ನಿಮಗೆ ಹೇಳಿದ್ದೆ. ನಮ್ಮ ಮನೆಯ ಚಹಾ ಕುಡಿಯುತ್ತ ನೀವೇ ಅಂದಿರಿ: “ಹೆದರ್ಬೇಡ ತಂಗೀ, ನಿಮ್ಮಮ್ಮನ ತಂಟೆಗೆ ನಾನ್ಯಾಕೆ ಹೋಗ್ಲಿ?”

ಮೊನ್ನೆ ಫೋನಿನಲ್ಲಿ ಕೇಳಿದರೆ ನಕ್ಕಿರಿ: “ಮೂಳೆ ಮೇಲೆ ಹೆಸರು ಬರ್ದಿದ್ಯೇನಮ್ಮಾ? ಈಗ ಅದು ಮ್ಯೂಸಿಯಂ ಸೊತ್ತು, ಸುಮ್ನಿರು.”

ಆಗಲಿ. ಹೆಣ ಎಲ್ಲಿದೆಯೋ ಅದೇ ಸಾವಿನ ಮನೆ. ಅಳಲು ಬಂದವರಿಗೆಲ್ಲ ಕುದುರೆ ಕೊಯ್ದು ಉಣಬಡಿಸುವುದು ಆ ಮನೆಯವರ ಹೊಣೆ. ಈ ಪದ್ಧತಿ ನಿಮಗೂ ಗೊತ್ತು. ಶುಕ್ರವಾರ ಮಂತ್ರಿಗಳು ಅವಳ ಗಾಜಿನ ಪೆಟ್ಟಿಗೆಯ ಪರದೆ ಸರಿಸುವ ಹೊತ್ತಿಗೆ ನಮ್ಮ ಕುಲದವರೆಲ್ಲ ಕುದುರೆಯೇರಿ, ಅಮ್ಮನ ಹೆಸರು ಕೂಗಿ ಅಳುತ್ತ ಮ್ಯೂಸಿಯಂ ಬಾಗಿಲಿಗೆ ಬರುತ್ತೇವೆ. ಅವಳನ್ನು ಕೈಗೆ ಕೊಡುವವರೆಗೆ ಏಳುವುದಿಲ್ಲ.

ದಯವಿಟ್ಟು ಕೊಬ್ಬಿದ ಕುದುರೆಯನ್ನೇ ಕೊಯ್ಯಿಸಿ. ನೆಂಟರಿಗೆ ಬಡಕಲು ಮಾಂಸ ಬಡಿಸಿದರೆ ಅಮ್ಮ ಸಹಿಸುತ್ತಿರಲಿಲ್ಲ.

ಇತಿ,
ನಿಮ್ಮ ರಾಣಿಯ ಮಗಳು
ಜೂರಕಾನ್